ಹತ್ತು ಕೈಗಳ ಅಂಗಿ

ನಮ್ಮ ಸಂಘದ ಮಹಿಳಾ ವಿಭಾಗದ ಐವರು ಕಳೆದ ವರ್ಷ ಒಂದು ಸಾಹಸಕ್ಕೆ ಕೈಹಾಕಿ ಕೈ ಸುಟ್ಟುಕೊಂಡ ಸಂಗತಿ ವಾಚಕರಲ್ಲಿ ಅನೇಕರಿಗೆ ತಿಳಿದೇ ಇದೆ. ತಿಳಿಯದವರಿಗಾಗಿಯೂ, ತಿಳಿದೂ ಅದನ್ನು ಉಪ್ಪುಖಾರ ಹಚ್ಚಿ ಹೇಳುತ್ತಿರುವವರಿಗಾಗಿಯೂ ಈ ಸಲದ ನಮ್ಮ ಅಂಕಣವನ್ನು ಮೀಸಲಿಟ್ಟಿದ್ದೇವೆ. ನಮ್ಮ ಮನೆಯವರೂ ಆ ಐವರಲ್ಲಿ ಒಬ್ಬರಾದ್ದರಿಂದ ನಾವು ನಿಷ್ಪಕ್ಷಪಾತಿಗಳಲ್ಲವೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ.

ನಡೆದದ್ದು ಇಷ್ಟು. ಒಂದು ಶಾಲೆಯವರಿಗೆ ಹುಡುಗರ ಬಿಳಿಯ ಷರಟುಗಳು ಅರುವತ್ತು ಬೇಕಾಗಿದ್ದುವು. ಐವರ ಮನೆಯಲ್ಲೂ ಹೊಲಿಗೆ ಯಂತ್ರವಿದೆ. ಐವರಿಗೂ ಹೊಲಿಗೆ ಬರುತ್ತದೆ. ಅರುವತ್ತನ್ನು ಐದರಿಂದ ಭಾಗಿಸಿದರೆ ಹನ್ನೆರಡು. ತಲೆಗೆ ಹನ್ನೆರಡರಂತೆ ಬಟ್ಟೆ ಹಂಚಿಕೊಂಡು, ಅಳತೆಯ ಚೀಟಿ ಬರೆದುಕೊಂಡು, ಅವರವರ ಮನೆಗೆ ಹೋದರು. ಗಣಿತದ ಮಟ್ಟಿಗೆ ಇದರಲ್ಲಿ ಏನೂ ತಪ್ಪಿಲ್ಲ.

ಷರಟುಗಳು ಒಟ್ಟುಗೂಡಿದ ದಿನ ನಮ್ಮ ನಡುಮನೆಯಲ್ಲಿ ಮೌನ ಕವಿಯಿತು. ಒಬ್ಬರ ಕಾಲರು ನಾಯಿಯ ಕಿವಿಯಂತೆ ನಿಡಿದಾಗಿತ್ತು, ಇನ್ನೊಬ್ಬರದು ಚಪಾತಿಯ ಅಂಚಿನಂತೆ ದುಂಡಗಿತ್ತು. ಜೇಬುಗಳು ಐದು ಎತ್ತರಗಳಲ್ಲಿ ಕುಳಿತಿದ್ದುವು. ಒಬ್ಬರಿಗೆ ಜ್ವರ ಬಂದು ನಾಲ್ಕೇ ಷರಟು ಆಗಿದ್ದುವು. ಉಳಿದ ಎಂಟನ್ನು ಮುಗಿಸುವಷ್ಟರಲ್ಲಿ ವಾಯಿದೆ ಮೀರಿ ಒಂಬತ್ತು ದಿನವಾಯಿತು. ಶಾಲೆಯವರು ಹದಿನಾಲ್ಕನ್ನು ಹಿಂತಿರುಗಿಸಿ, ಉಳಿದವುಗಳ ಹಣದಲ್ಲೂ ಒಂದಿಷ್ಟು ಹಿಡಿದುಕೊಂಡು, ನಮಸ್ಕಾರ ಹೇಳಿದರು. ಬಟ್ಟೆ, ನೂಲು, ಗುಂಡಿಯ ಖರ್ಚು ಕಳೆದು ನೋಡಿದರೆ ಉಳಿದದ್ದು ಸೊನ್ನೆ.

ನಮ್ಮ ಮನೆಯಲ್ಲಿ ಇದು ನಗೆಯಾಡಿ ಮರೆಯಬಹುದಾದ ವಿಷಯ. ತಿಂಗಳ ಕೊನೆಗೆ ನಮ್ಮ ಸಂಬಳ ಬರುತ್ತದೆ. ಆದರೆ ಐವರಲ್ಲಿ ರಾಯಚೂರಿನ ಸೋದರಿಯೊಬ್ಬರಿದ್ದಾರೆ. ಅವರ ಯಜಮಾನರು ಕೆಲಸಮಾಡುತ್ತಿದ್ದ ಅಂಗಡಿ ಮುಚ್ಚಿಹೋಗಿತ್ತು. ಮಗಳ ಕಾಲೇಜಿನ ಶುಲ್ಕಕ್ಕೆ ಆಕೆ ನಂಬಿಕೊಂಡಿದ್ದದ್ದು ಈ ಹನ್ನೆರಡು ಷರಟುಗಳನ್ನೇ. ಆಕೆ ಏನೂ ಹೇಳಲಿಲ್ಲ. ಹಿಂದಕ್ಕೆ ಬಂದ ಷರಟುಗಳನ್ನು ಒಂದೊಂದಾಗಿ ಮಡಿಸಿಟ್ಟು ಮನೆಗೆ ಹೋದರು. ಆ ರಾತ್ರಿ ನಮ್ಮ ಮನೆಯವರು ಸರಿಯಾಗಿ ಊಟಮಾಡಲಿಲ್ಲ.

ಮರುದಿನ ಭಾನುವಾರ. ನಾವು ಪತ್ತರ್‌ಗಟ್ಟಿಯ ಕಡೆಗೆ ಹೊರಟೆವು.

ಚಾರ್‌ಮಿನಾರಿನ ಹತ್ತಿರದ ಈ ಬೀದಿಯನ್ನು ಹೈದರಾಬಾದಿನ ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಊರನ್ನು ಕೊಚ್ಚಿಹಾಕಿದ ಮೇಲೆ, ನಗರವನ್ನು ಹೊಸದಾಗಿ ಕಟ್ಟಲೆಂದು 1912ರಲ್ಲಿ ನಗರ ಸುಧಾರಣಾ ಮಂಡಲಿ ಏರ್ಪಟ್ಟಿತು. ಸಾಲುಗಮಾನುಗಳ ಈ ಕಲ್ಲಿನ ಅಂಗಡಿಗಳು ಆ ಕಾಲದ ಕೊಡುಗೆ. ಮುತ್ತು, ಅತ್ತರು, ಮದುವೆಯ ಬಟ್ಟೆ ಎಲ್ಲವೂ ಇಲ್ಲುಂಟು. ಹಿಂದಿನ ಗಲ್ಲಿಯ ಮಹಡಿಯೊಂದರಲ್ಲಿ ನಮಗೆ ಪರಿಚಿತರಾದ ಶೇರ್ವಾನಿ ಮಾಸ್ತರರಿದ್ದಾರೆ. ನಮ್ಮ ಮದುವೆಯ ಆರತಕ್ಷತೆಗೆ ಶೇರ್ವಾನಿ ಹೊಲಿದುಕೊಟ್ಟವರು ಅವರೇ. ಮೂಲತಃ ಬೀದರಿನವರು. 1956ರವರೆಗೆ ಬೀದರು, ಕಲಬುರಗಿ, ರಾಯಚೂರುಗಳೆಲ್ಲ ಹೈದರಾಬಾದು ರಾಜ್ಯಕ್ಕೇ ಸೇರಿದ್ದುವಷ್ಟೆ. ಅವರ ತಂದೆಯವರು ಆಗಲೇ ಕತ್ತರಿಯೊಡನೆ ಇಲ್ಲಿಗೆ ಬಂದವರು. ಮಾಸ್ತರರ ಕನ್ನಡಕ್ಕೆ ದಖನಿಯ ಒಗ್ಗರಣೆ ಬಿದ್ದಿದ್ದರೂ ರುಚಿ ಕೆಟ್ಟಿಲ್ಲ.

"ಬರ್ರಿ ಸಾಹೇಬ್ರ, ಕೂಡ್ರಿ. ಚಾಯ್ ಹೇಳ್ತೀನಿ" ಎಂದರು. ನಾವು ಕಥೆಯನ್ನೆಲ್ಲ ಹೇಳಿ, ಚೀಲದಿಂದ ಐದು ಷರಟು ತೆಗೆದು ಮುಂದಿಟ್ಟೆವು. ಅವರು ಕಾಲರುಗಳನ್ನು ಸಾಲಾಗಿ ಜೋಡಿಸಿ ನೋಡಿ ನಕ್ಕರು. "ಹೊಲಿಗಿ ಯಾರ್ದೂ ಕೆಟ್ಟಿಲ್ಲ. ಐದು ಮಂದಿ ಐದು ದರ್ಜಿ ಆಗ್ಯಾರ. ಒಂದು ದುಕಾನ್ ಆಗಿಲ್ಲ, ಅಷ್ಟೇ."

ಆಮೇಲೆ ತಮ್ಮ ಕಾರಖಾನೆಯನ್ನು ತೋರಿಸಿದರು. ಕಾರಖಾನೆಯೆಂದರೆ ಎರಡು ಕೋಣೆ, ಆರು ಜನ. ಅಳತೆ ಮತ್ತು ಕತ್ತರಿ ಮಾಸ್ತರರದು. ಒಬ್ಬ ಕಾರೀಗರ ಒಳಗಿನ ಕ್ಯಾನ್ವಾಸು, ಅಸ್ತರುಗಳನ್ನು ಕೂಡಿಸಿ ಎದೆಯ ಭಾಗಕ್ಕೆ ರೂಪು ಕೊಡುತ್ತಾನೆ. ಒಬ್ಬನದು ನಿಲುವುಗಾಲರು. ಒಬ್ಬನದು ತೋಳು. ಒಬ್ಬ ವೃದ್ಧರು ಕಿಟಕಿಯ ಬೆಳಕಿಗೆ ಕುಳಿತು ಕೈಯಿಂದ ಕಾಜ ಹೊಲಿಯುತ್ತಾರೆ. ಕೊನೆಯವನದು ಇಸ್ತ್ರಿ. ಶೇರ್ವಾನಿ ನೋಡುವುದಕ್ಕೆ ಉದ್ದನೆಯ ಕೋಟು. ಆದರೆ ಕೊರಳಿನಿಂದ ಕೆಳಗಿನವರೆಗೆ ಎಲ್ಲೂ ಸುಕ್ಕಿಲ್ಲದೆ ಇಳಿಯಬೇಕು, ಗುಂಡಿಗಳ ಸಾಲು ಗೆರೆ ಎಳೆದಂತಿರಬೇಕು. ಒಂದು ಕಡೆ ಎಳೆತ ಬಿದ್ದರೆ ಮದುಮಗನ ಮುಖವೇ ಸೊಟ್ಟಗೆ ಕಾಣುತ್ತದೆ.

"ಒಬ್ಬನೇ ಹೊಲಿ ಅಂದ್ರ ನಾನೂ ಹೊಲಿತೀನಿ ಸಾಹೇಬ್ರ. ಆದ್ರ ನನ್ನ ಕಾಜ ನೋಡಿದ್ರ ನೀವೇ ನಗ್ತೀರಿ. ಈ ಚಾಚಾ ಮೂವತ್ತು ವರ್ಷದಿಂದ ಬರೀ ಕಾಜ ಮಾಡ್ಯಾರ. ನೋಡೋರ ಕಣ್ಣು ಮೊದ್ಲು ಹೋಗೋದು ಅಲ್ಲಿಗೇ" ಎಂದರು ಮಾಸ್ತರರು. ಚಾಚಾ ತಲೆಯೆತ್ತಲಿಲ್ಲ. ಕಿವಿಯ ಬಳಿ ಸಣ್ಣ ನಗುವೊಂದು ಹಾದುಹೋದುದನ್ನು ಮಾತ್ರ ನಾವು ಕಂಡೆವು.

ಇದನ್ನು ಕಂಡಾಗ ಬಿ.ಎ. ತರಗತಿಯಲ್ಲಿ ಉರು ಹೊಡೆದಿದ್ದ ಅರ್ಥಶಾಸ್ತ್ರ ನಮಗೆ ನೆನಪಾಯಿತು. ಆಡಂ ಸ್ಮಿತ್ ಮಹಾಶಯ 1776ರಲ್ಲಿ ಪ್ರಕಟಿಸಿದ ತನ್ನ ಗ್ರಂಥವನ್ನು ಗುಂಡುಸೂಜಿಯ ಕಥೆಯಿಂದಲೇ ಆರಂಭಿಸುತ್ತಾನೆ. ಗುಂಡುಸೂಜಿಯ ತಯಾರಿಕೆಯಲ್ಲಿ ಸುಮಾರು ಹದಿನೆಂಟು ಕೆಲಸಗಳುಂಟು. ಹತ್ತು ಜನ ಅವನ್ನು ಹಂಚಿಕೊಂಡರೆ ದಿನಕ್ಕೆ 48,000 ಸೂಜಿ; ಒಬ್ಬೊಬ್ಬನೇ ಎಲ್ಲವನ್ನೂ ಮಾಡಹೊರಟರೆ ತಲೆಗೆ ಇಪ್ಪತ್ತೂ ಆಗದು. ಪರೀಕ್ಷೆಯಲ್ಲಿ ಇದಕ್ಕೆ ನಮಗೆ ಒಳ್ಳೆಯ ಅಂಕವೇ ಬಂದಿತ್ತು. ಹೆಂಡತಿಗೆ ಷರಟು ಹಂಚುವಾಗ ಮಾತ್ರ ಅದು ನೆನಪಿಗೆ ಬರಲಿಲ್ಲ. ವಿದ್ಯೆಯ ಮಹಿಮೆಯೇ ಹಾಗೆ!

ಅಷ್ಟೇಕೆ, ನಮ್ಮ ಕಛೇರಿಯಲ್ಲಿ ನಡೆಯುವುದೂ ಇದೇ. ಟಪಾಲು ತೆಗೆದುಕೊಳ್ಳುವವನೊಬ್ಬ, ಟಿಪ್ಪಣಿ ಬರೆಯುವವನೊಬ್ಬ, ಕರಡು ತಿದ್ದುವವನೊಬ್ಬ, ರವಾನಿಸುವವನೊಬ್ಬ. ಕಡತ ಬೇಗನೆ ಚಲಿಸುವುದಿಲ್ಲವಲ್ಲ ಎಂದು ವಾಚಕರು ಕೇಳಬಹುದು. ಅದಕ್ಕೂ ಮಾಸ್ತರರ ಬಳಿ ಉತ್ತರವಿತ್ತು. ಕೆಲಸವನ್ನು ಹೋಳುಮಾಡಿದರೆ ಸಾಲದು, ಹೋಳುಗಳು ಸಮತೂಕಕ್ಕೆ ಬರಬೇಕಂತೆ. ಲೆಕ್ಕ ಹಾಕಿ ನೋಡೋಣ. ಒಂದು ಕಾಲರಿಗೆ ಇಪ್ಪತ್ತು ನಿಮಿಷ, ಒಂದು ಜೇಬಿಗೆ ಹತ್ತು ನಿಮಿಷ ಹಿಡಿಯುವುದಾದರೆ, ನಾಲ್ಕು ಗಂಟೆಯಲ್ಲಿ ಹನ್ನೆರಡು ಕಾಲರು, ಇಪ್ಪತ್ನಾಲ್ಕು ಜೇಬು. ಹನ್ನೆರಡು ಜೇಬುಗಳು ಕಾಲರಿಗಾಗಿ ಕಾದು ಕೂರುತ್ತವೆ. ಆದ್ದರಿಂದ ನಿಧಾನದ ಕೆಲಸಕ್ಕೆ ಇಬ್ಬರನ್ನು ಹಾಕಬೇಕು. ನಮ್ಮ ಕಛೇರಿಯಲ್ಲಿ ರಾಶಿ ಬೀಳುವ ಮೇಜು ಯಾವುದೆಂದು ನಾವಿಲ್ಲಿ ಬರೆಯುವುದಿಲ್ಲ. ನಮಗಿನ್ನೂ ಬಡ್ತಿ ಬರಬೇಕಾಗಿದೆ.

ಗಂಡಸರ ಉಡುಪಿನ ಚರಿತ್ರೆಯಲ್ಲಿ ಈ ಕೆಲಸಹಂಚಿಕೆ ಸುಲಭವಾಗಿ ಬಂದದ್ದಲ್ಲ. ಫ್ರಾನ್ಸಿನ ದರ್ಜಿ ತಿಮೊನಿಯೆ 1830ರಲ್ಲಿ ಹೊಲಿಗೆ ಯಂತ್ರಕ್ಕೆ ಸನ್ನದು ಪಡೆದು, ಸೈನಿಕರ ಸಮವಸ್ತ್ರ ಹೊಲಿಯಲು ಪ್ಯಾರಿಸಿನಲ್ಲಿ ಸುಮಾರು 80 ಯಂತ್ರಗಳನ್ನು ಹೂಡಿದ. ಮರುವರ್ಷವೇ ಅಲ್ಲಿನ ದರ್ಜಿಗಳು ನುಗ್ಗಿ ಅವನ್ನು ಪುಡಿಮಾಡಿದರು. ಅನ್ನ ಹೋಗುವ ಭಯ ಅವರದು. ಅದನ್ನು ಬರಿಯ ಮೂಢತನವೆಂದು ತಳ್ಳಿಹಾಕಲಾರೆವು. ಅಮೆರಿಕದಲ್ಲಿ ಹೋವ್ 1846ರಲ್ಲಿ, ಸಿಂಗರ್ 1851ರಲ್ಲಿ ಸನ್ನದು ಪಡೆದರು. 1861ರಿಂದ 1865ರವರೆಗಿನ ಅಲ್ಲಿನ ಅಂತರ್ಯುದ್ಧದಲ್ಲಿ ಲಕ್ಷಾಂತರ ಸಿಪಾಯಿಗಳಿಗೆ ಅಂಗಿ ಷರಾಯಿ ಬೇಕಾದಾಗ, ಅಳತೆಗಳನ್ನು ಕೆಲವೇ ಗಾತ್ರಗಳಾಗಿ ವಿಂಗಡಿಸುವ ರೂಢಿ ಬೆಳೆಯಿತು. ಸಣ್ಣ, ನಡು, ದೊಡ್ಡ ಎಂದು ನಾವಿಂದು ಅಂಗಡಿಯಲ್ಲಿ ಕೇಳುವ ಪದ್ಧತಿಗೆ ಮೂಲ ಅಂಥಲ್ಲಿದೆ.

ಇಂದು ನಮ್ಮ ಬೆಂಗಳೂರು, ದೊಡ್ಡಬಳ್ಳಾಪುರಗಳ ಸಿದ್ಧ ಉಡುಪಿನ ಕಾರಖಾನೆಗಳಲ್ಲಿ ಒಂದೊಂದು ಷರಟೂ ಹತ್ತಾರು ಕೈಗಳನ್ನು ದಾಟಿ ಹೊರಬರುತ್ತದೆ. ಆ ಕೈಗಳಲ್ಲಿ ಬಹುಪಾಲು ಹೆಣ್ಣುಮಕ್ಕಳವು. ಒಬ್ಬಾಕೆ ದಿನವಿಡೀ ಎಡತೋಳನ್ನೇ ಕೂಡಿಸಿದರೆ ಮತ್ತೊಬ್ಬಾಕೆ ಪಟ್ಟಿಯನ್ನೇ ಹೊಲಿಯುತ್ತಾಳೆ. ಗಂಟೆಗೆ ಇಷ್ಟು ಎಂಬ ಗುರಿ ತಲೆಯ ಮೇಲೆ ತೂಗುತ್ತಿರುತ್ತದೆ. ಭವಿಷ್ಯನಿಧಿಯ ಹಣ ಹಿಂಪಡೆಯುವುದಕ್ಕೆ ಹೊಸ ನಿರ್ಬಂಧ ಬಂದಾಗ, 2016ರ ಏಪ್ರಿಲಿನಲ್ಲಿ ಇವರು ಸಾವಿರಗಟ್ಟಲೆಯಾಗಿ ಬೆಂಗಳೂರಿನ ಬೀದಿಗಿಳಿದರು. ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಕೆಲಸ ಹಂಚುವುದರಿಂದ ಅಂಗಿ ಅಗ್ಗವಾಗುತ್ತದೆ, ಸರಿ. ಆದರೆ ಹಂಚಿದ ಕೆಲಸ ಮಾಡುವ ಕೈ ಅಗ್ಗವಾಗಬಾರದಷ್ಟೆ.

ಈ ಮಾತಿನ ಅರ್ಥ ನಮಗೆ ಮನೆಯಲ್ಲೇ ಆಯಿತು. ಮಾಸ್ತರರ ಉಪದೇಶದಂತೆ ಐವರೂ ನಮ್ಮ ನಡುಮನೆಯಲ್ಲಿ ಸೇರಿದರು. ಕಾಲರು ಹೊಲಿಯಲು ಇಬ್ಬರು, ತೋಳಿಗೂ ಜೇಬಿಗೂ ಒಬ್ಬರು, ಕೂಡಿಸಲು ಒಬ್ಬರು. ನಮ್ಮೆಲ್ಲರಿಗಿಂತ ಹಿರಿಯರಾದ ಧಾರವಾಡದ ಅತ್ತೆಯವರಿಗೆ ಕಾಜ ಮತ್ತು ಗುಂಡಿ. ಕುಳಿತಲ್ಲೇ ಆಗುವ ಕೆಲಸ, ಅವರ ಮಂಡಿನೋವಿಗೆ ಅನುಕೂಲ ಎಂದುಕೊಂಡು ಪಟ್ಟಿ ಬರೆದವರು ನಾವೇ. ಅತ್ತೆಯವರು ಪಟ್ಟಿಯನ್ನು ಕೇಳಿ, "ಇಷ್ಟು ವರ್ಷ ಮನಿಮಂದಿಗೆಲ್ಲ ಅಂಗಿ ಹೊಲದ ಕೈಗೆ ಬರೇ ಗುಂಡಿ ಹಚ್ಚೂ ಕೆಲಸ ಕೊಟ್ಟೀರೇನ?" ಎಂದು ಎದ್ದು ಹೋದವರು ಎರಡು ದಿನ ಬರಲಿಲ್ಲ.

ಮೂರನೆಯ ದಿನ ನಮ್ಮ ಮನೆಯವರು ಅವರ ಮನೆಗೆ ಹೋಗಿ, "ಅತ್ತೆಯವರೇ, ತಪ್ಪು ನಮ್ಮದು. ಕತ್ತರಿ ನಿಮ್ಮ ಕೈಯಲ್ಲಿರಲಿ. ಬಟ್ಟೆ ಕತ್ತರಿಸುವವರೂ ನೀವೇ, ಕೊನೆಗೆ ನೋಡಿ ಸರಿಯೆನ್ನುವವರೂ ನೀವೇ. ನೀವು ಒಪ್ಪದ ಷರಟು ಹೊರಗೆ ಹೋಗುವುದಿಲ್ಲ" ಎಂದರಂತೆ. ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಜಾನೂ ನಾನೇ ಮಾಡ್ತೀನಿ ಬಿಡ, ನಿಮಗ್ಯಾರಿಗೂ ಅದು ಬರೂದಿಲ್ಲ" ಎಂದರಂತೆ. ಕೆಲಸ ಅದೇ, ಅದನ್ನು ಆಜ್ಞೆಯಾಗಿ ಹೊರಿಸುವುದು ಬೇರೆ, ತಾವಾಗಿ ಎತ್ತಿಕೊಳ್ಳುವುದು ಬೇರೆ. ನಮ್ಮಂಥ ಪಟ್ಟಿ ಬರೆಯುವವರಿಗೆ ಇದು ಬೇಗ ಹೊಳೆಯುವುದಿಲ್ಲ.

ಇನ್ನೆರಡು ಕಟ್ಟಳೆಗಳನ್ನು ಮಾಡಿಕೊಂಡರು. ಒಂದು, ತನ್ನ ಕೆಲಸದ ಜೊತೆಗೆ ಪಕ್ಕದವರ ಕೆಲಸವನ್ನೂ ಪ್ರತಿಯೊಬ್ಬರೂ ಕಲಿಯಬೇಕು. ಜಪಾನಿನ ಟೊಯೋಟಾ ಹೆಸರಿನ ಹೊಲಿಗೆ ಪದ್ಧತಿಯಲ್ಲೂ ಇದೇ ಕ್ರಮವುಂಟು: ಸಣ್ಣ ತಂಡದವರು ಕುದುರೆಲಾಳದಂತೆ ಬಾಗಿದ ಸಾಲಿನಲ್ಲಿ ನಿಂತು, ಒಬ್ಬರು ಹಿಂದೆಬಿದ್ದಲ್ಲಿ ಪಕ್ಕದವರು ಕೈಯಿಡುತ್ತಾರೆ. ಜ್ವರ ಬಂದವರಿಂದ ವಾಯಿದೆ ತಪ್ಪದಿರಲು ಇದೇ ಉಪಾಯ. ಎರಡನೆಯದು ಹಣದ ಮಾತು. ಕಾಲರಿಗೆ ಹೆಚ್ಚು, ಗುಂಡಿಗೆ ಕಡಿಮೆ ಎಂಬ ತಾರತಮ್ಯ ಬೇಡ. ಕುಳಿತ ಗಂಟೆಗಳ ಲೆಕ್ಕದಲ್ಲಿ ಸಮನಾಗಿ ಹಂಚತಕ್ಕದ್ದು. ಹಾಜರಿ ಪುಸ್ತಕ ಬರೆಯುವ ಗೌರವ ನಮಗೆ ಬಂತು. ಕಛೇರಿಯಲ್ಲಿ ಬರೆದದ್ದಕ್ಕಿಂತ ಶುದ್ಧವಾಗಿ ಬರೆದಿದ್ದೇವೆಂದು ಧೈರ್ಯವಾಗಿ ಹೇಳಬಲ್ಲೆವು.

ಎರಡನೆಯ ಗಿರಾಕಿ ಸಿಕ್ಕಲು ಮೂರು ತಿಂಗಳಾಯಿತು. ಎಂಬತ್ತು ಷರಟು. ಬಟ್ಟೆ ಬಂದ ಹನ್ನೊಂದನೆಯ ದಿನಕ್ಕೆ ಎಂಬತ್ತೂ ಇಸ್ತ್ರಿಯಾಗಿ ಗಂಟುಕಟ್ಟಿ ಕುಳಿತಿದ್ದುವು. ಅತ್ತೆಯವರು ಆರನ್ನು ಬಿಚ್ಚಿಸಿ ಮತ್ತೆ ಹೊಲಿಸಿದ್ದರು. ಶಾಲೆಯವರು ಒಂದನ್ನೂ ಹಿಂದಕ್ಕೆ ಕಳಿಸಲಿಲ್ಲ. ಹಣ ಹಂಚಿದ ಸಂಜೆ ರಾಯಚೂರಿನ ಸೋದರಿ ತಮ್ಮ ಪಾಲನ್ನು ಎರಡು ಸಲ ಎಣಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಮಗಳ ಎರಡನೆಯ ಕಂತಿನ ಶುಲ್ಕಕ್ಕೆ ಅಷ್ಟು ಸಾಕಾಗಲಿಲ್ಲ, ಅರ್ಧಕ್ಕಿಂತ ಮೇಲಾಯಿತು. ಉಳಿದದ್ದು ಮೂರನೆಯ ಗಿರಾಕಿಯಿಂದ ಹೊಂದಿತು.

ಈಗ ನಾವು ಕಛೇರಿಗೆ ತೊಡುವ ಷರಟುಗಳೂ ಆ ಐವರ ಕೈಯವೇ. ಮೊನ್ನೆ ಸಂಘದ ಸಭೆಗೆ ಹೊಸದೊಂದನ್ನು ತೊಟ್ಟು ಹೋಗಿದ್ದೆವು. ಅತ್ತೆಯವರು ಎಲ್ಲರೆದುರಿಗೇ ನಮ್ಮನ್ನು ನಿಲ್ಲಿಸಿ, ಕನ್ನಡಕ ಏರಿಸಿಕೊಂಡು ಕಾಲರನ್ನು ನೋಡಿ, ಮೂರನೆಯ ಗುಂಡಿಯ ಬಳಿ ಇಣುಕುತ್ತಿದ್ದ ಒಂದು ಎಳೆಯನ್ನು ಚಿಟಕ್ಕನೆ ಕತ್ತರಿಸಿದರು. "ಈಗ ಹೋಗ್ರಿ" ಎಂದರು. ನಾವು ಹೋಗಿ ಕುಳಿತೆವು.