ಹಳೆಯ ಕೊಳವೆಗೆ ಹೊಸ ನಳ

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಸಾಗುವ ಹೆದ್ದಾರಿಯಲ್ಲಿ ಬಾದಾಮಿಯ ದಾರಿ ಕವಲೊಡೆಯುವ ಎಡೆಯೇ ಕುಳಗೇರಿ ಕ್ರಾಸ್. ಈ ಸೀಮೆಯಲ್ಲಿ ನಲ್ಲಿಯನ್ನು ನಳವೆನ್ನುವರು. ಇಲ್ಲಿಯ ಹಳೆಯ ಮನೆಗಳ ಗೋಡೆ ಕಲ್ಲುಮಣ್ಣಿನದು. ಅವನ್ನು ಕಟ್ಟಿದ ಕಾಲಕ್ಕೆ ಬಚ್ಚಲಲ್ಲಿದ್ದುದು ಹಂಡೆ, ತಂಬಿಗೆ ಮಾತ್ರ. ಕೊಳವೆ ಬಂದುದು ಆಮೇಲೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹರಿದಾಗ ನೆನೆದ ಗೋಡೆಗಳು ಕುಸಿದುದನ್ನು ಕಂಡವರಿಗೆ, ನೀರು ಮಣ್ಣಿಗೆ ಏನು ಮಾಡಬಲ್ಲುದೆಂದು ಬೇರೆ ಹೇಳಬೇಕಾಗಿಲ್ಲ. ನೆರೆ ಒಂದೇ ದಿನದಲ್ಲಿ ಮಾಡುವುದನ್ನು ಗೋಡೆಯೊಳಗಿನ ಸೋರಿಕೆ ಸದ್ದಿಲ್ಲದೆ ವರ್ಷಗಟ್ಟಲೆ ಮಾಡುತ್ತದೆ. ಆದುದರಿಂದ ಬಚ್ಚಲಿಗೆ ಹೊಸ ನಳ ಕೂಡಿಸುವಾಗ ಎಚ್ಚರವಿರಬೇಕಾದುದು ನಳದ ಹೊಳಪಿನ ಮೇಲಲ್ಲ, ಗೋಡೆಯಲ್ಲಿ ಅಡಗಿರುವ ಹಳೆಯ ಕೊಳವೆಯ ಮೇಲೆ.

ಅಂಗಡಿಗೆ ಹೋಗುವಾಗ ಹಳೆಯ ನಳವನ್ನೇ ಜೊತೆಗೆ ಒಯ್ಯುವುದು ಲೇಸು. ಬಚ್ಚಲ ನಳಗಳು ಸಾಮಾನ್ಯವಾಗಿ ಅರ್ಧ ಅಂಗುಲದವು. ಆದರೂ ಕಣ್ಣಳತೆಯನ್ನು ನಂಬಲಾಗದು.

ಬಿಚ್ಚುವ ಮೊದಲು ತೊಟ್ಟಿಯ ಬಳಿಯ ವಾಲ್ವನ್ನು ಮುಚ್ಚಿ, ಕೊಳವೆಯಲ್ಲಿ ಉಳಿದ ನೀರನ್ನು ಬಸಿಯಬೇಕು. ಗೋಡೆಯ ಹೊರಗೆ ಕೊಳವೆ ಕಾಣುವಂತಿದ್ದರೆ ಒಂದು ಪಾನಾದಿಂದ ಅದನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ನಳವನ್ನು ಎಡಕ್ಕೆ ತಿರುಗಿಸಬೇಕು. ಕಬ್ಬಿಣದ ಕೊಳವೆಯ ಸತುವಿನ ಲೇಪ ಸವೆದರೆ ತುಕ್ಕು ಹಿಡಿದು ನಳ ಕಚ್ಚಿಕೊಂಡಿರುತ್ತದೆ. ಆಗ ತಿರುಪಿಗೆ ತುಸು ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಮರುದಿನವೂ ಸಡಿಲದಿದ್ದರೆ ಬಲಪ್ರಯೋಗ ಬೇಡ; ಕೊಳಾಯಿ ಕೆಲಸದವನನ್ನು ಕರೆಯಿರಿ. ಗೋಡೆಯೊಳಗೆ ಮೂಲೆಯ ತುಂಡು ಮುರಿದರೆ ಗೋಡೆಯನ್ನೇ ಒಡೆಯಬೇಕಾದೀತು.

ನಳ ಬಿಚ್ಚಿದ ಮೇಲೆ ತಿರುಪಿನ ಗೆರೆಗಳಲ್ಲಿಯ ತುಕ್ಕನ್ನು, ಹಳೆಯ ನಾರನ್ನು ಒರಟು ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಬಕೆಟ್ಟು ಹಿಡಿದು, ವಾಲ್ವನ್ನು ಕ್ಷಣಮಾತ್ರ ತೆರೆದು, ಒಳಗಿನ ಕಸವನ್ನು ಹರಿಯಬಿಡಿ; ಇಲ್ಲವಾದರೆ ಆ ಹರಳೇ ಹೊಸ ನಳದ ವಾಷರನ್ನು ಕೊರೆಯುವುದು.

ಹಿಂದೆ ತಿರುಪಿಗೆ ಸೆಣಬಿನ ನಾರು ಸುತ್ತಿ ಸಫೇದಾ ಬಳಿಯುತ್ತಿದ್ದರು. ಈಗ ಬಿಳಿಯ ಟೆಫ್ಲಾನ್ ಪಟ್ಟಿ ಇದೆ. ಆ ವಸ್ತು 1938ರಲ್ಲಿ ಅಮೆರಿಕದ ಪ್ರಯೋಗಶಾಲೆಯೊಂದರಲ್ಲಿ ಆಕಸ್ಮಿಕವಾಗಿ ದೊರೆತುದು. ತಿರುಪಿನ ತುದಿ ನಿಮ್ಮ ಕಡೆಗಿರುವಂತೆ ನಳವನ್ನು ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಪಟ್ಟಿಯನ್ನು ಎಳೆದು ಹತ್ತಾರು ಸುತ್ತು ಬಿಗಿಯಾಗಿ ಸುತ್ತಿರಿ. ವಿರುದ್ಧವಾಗಿ ಸುತ್ತಿದರೆ ಕೂಡಿಸುವಾಗ ಅದು ಬಿಚ್ಚಿಕೊಳ್ಳುತ್ತದೆ.

ಮೊದಲು ಕೈಯಿಂದಲೇ ತಿರುಗಿಸಿರಿ. ಸರಾಗವಾಗಿ ಸಾಗದಿದ್ದರೆ ಗೆರೆ ಅಡ್ಡಬಿದ್ದಿದೆ ಎಂದರ್ಥ. ಕೊನೆಯ ಒಂದೆರಡು ಸುತ್ತಿಗೆ ಮಾತ್ರ, ಬಟ್ಟೆ ಸುತ್ತಿ, ಪಾನಾ ಹಿಡಿಯಿರಿ. ಬಾಯಿ ಕೆಳಮುಖವಾಗಲೆಂದು ಹಿಂದಕ್ಕೆ ತಿರುಗಿಸಬೇಡಿರಿ; ಪಟ್ಟಿ ಸಡಿಲಿ ನೀರು ಜಿನುಗುವುದು. ದಾಟಿದ್ದರೆ ಪೂರ್ಣ ಬಿಚ್ಚಿ ಹೊಸ ಪಟ್ಟಿ ಸುತ್ತುವುದೇ ಸರಿ. ಪ್ಲಾಸ್ಟಿಕ್ ಕೊಳವೆಯಾದರೆ, ನಳ ಕೂಡುವ ಮೂಲೆಯ ತುಂಡಿನೊಳಗೆ ಹಿತ್ತಾಳೆಯ ತಿರುಪು ಇರಲಿ. ಬರಿಯ ಪ್ಲಾಸ್ಟಿಕ್ ಅತಿ ಬಿಗಿತಕ್ಕೆ ಸೀಳುತ್ತದೆ.

ಕಡೆಗೆ ವಾಲ್ವು ತೆರೆದು, ಸಂದನ್ನು ಒರಸಿ, ಒಣಗಿದ ಕಾಗದದ ಚೂರೊಂದನ್ನು ಅಲ್ಲಿ ಸುತ್ತಿ ರಾತ್ರಿಯೆಲ್ಲ ಬಿಡಿರಿ. ಸೆಕೆಂಡಿಗೊಂದು ಹನಿಯಂತೆ ಸೋರಿದರೆ ದಿನಕ್ಕೆ 86,400 ಹನಿ, ಎಂದರೆ ಸುಮಾರು 4 ಲೀಟರು. ಹೊರಗೆ ಬಿದ್ದ ಹನಿಯನ್ನು ಬಕೆಟ್ಟು ಹಿಡಿದೀತು. ಒಳಗೆ ಇಳಿದುದನ್ನು ಹಿಡಿಯುವುದು ಗೋಡೆಯೊಂದೇ. ಬೆಳಿಗ್ಗೆ ಕಾಗದ ಒಣಗಿಯೇ ಇದ್ದು, ಸುತ್ತಲಿನ ಗೋಡೆಯಲ್ಲೂ ತೇವ ಕಾಣದಿದ್ದರೆ ಕೆಲಸ ಸಾರ್ಥಕ.