ಹೆಸರಿನ ಪಕ್ಕದ ಒಂದಕ್ಷರ



ರಿಜಿಸ್ಟರ್ ಎಂಬ ಶಬ್ದವನ್ನು ಕೇಳಿದೊಡನೆ ನಮ್ಮಂಥ ಶಾಲಾ ಮಾಸ್ತರರ ಕಣ್ಣಮುಂದೆ ನಿಲ್ಲುವುದು ಕೆಂಪು ರಟ್ಟಿನ ದಾಖಲಾತಿ ಪುಸ್ತಕ. ಗಣಕಯಂತ್ರದವರಿಗಾದರೋ ಅದೇ ಶಬ್ದದ ಅರ್ಥ ಬೇರೆ. ಲೆಕ್ಕ ನಡೆಯುವ ಹೊತ್ತಿನಲ್ಲಿ ಯಂತ್ರವು ಅಂಕೆಗಳನ್ನು ಇರಿಸಿಕೊಳ್ಳುವ ಪುಟ್ಟ ಗೂಡಿಗೆ ಅವರು ರಿಜಿಸ್ಟರ್ ಎನ್ನುತ್ತಾರೆ. ಈ ಎರಡು ರಿಜಿಸ್ಟರುಗಳಿಗೂ ಒಂದು ನಂಟಿದೆ ಎಂಬುದು ನಮಗೆ ಹೊಳೆದುದು ಕಳೆದ ದೀಪಾವಳಿಯ ರಜೆಯಲ್ಲಿ. ನಮ್ಮ ಶಾಲೆಯಲ್ಲಿಯೇ ಅಕ್ಷರ ಕಲಿತು ಈಗ ಬೆಂಗಳೂರಿನಲ್ಲಿ ಕಂಪೈಲರ್ ಕೆಲಸದಲ್ಲಿರುವ ಹುಡುಗನೊಬ್ಬ ಹಬ್ಬಕ್ಕೆಂದು ಊರಿಗೆ ಬಂದವನು, ನಮ್ಮ ಜಗಲಿಯಲ್ಲಿ ಕುಳಿತು ತನ್ನ ಕಷ್ಟವನ್ನು ತೋಡಿಕೊಂಡ.

“ಒಂದು ಅಕ್ಷರ ಮಾಷ್ಟ್ರೇ, ಒಂದೇ ಒಂದು ಅಕ್ಷರ ಬಿಟ್ಟುಹೋದದ್ದಕ್ಕೆ ಎರಡು ದಿನ ನಿದ್ದೆ ಮಾಡಲಿಲ್ಲ” ಎಂದ ಆತ. ಒಂದಕ್ಷರ ಬಿಟ್ಟುಹೋದರೆ ಏನಾಗುತ್ತದೆಂಬುದನ್ನು ನಾವೂ ಒಮ್ಮೆ ಅನುಭವಿಸಿದವರಾದ್ದರಿಂದ ಕುರ್ಚಿಯನ್ನು ಹತ್ತಿರಕ್ಕೆಳೆದು ಕುಳಿತೆವು. ಆತ ಹೇಳಿದುದನ್ನು ಮೊದಲು ವಾಚಕರ ಮುಂದಿಡುತ್ತೇವೆ.

ಮನುಷ್ಯನು ‘ಸಿ’ ಮುಂತಾದ ಭಾಷೆಗಳಲ್ಲಿ ಬರೆದುದನ್ನು ಯಂತ್ರದ ಮಾತಿಗೆ ತಿರುಗಿಸುವ ಭಾಷಾಂತರಕಾರನೇ ಕಂಪೈಲರ್. ರಿಚರ್ಡ್ ಸ್ಟಾಲ್‌ಮನ್ನರು ಆರಂಭಿಸಿ 1987ರಲ್ಲಿ ಮೊದಲು ಹೊರತಂದ ಜಿಸಿಸಿ ಎಂಬುದು ಇವುಗಳಲ್ಲಿ ಬಹು ಪ್ರಸಿದ್ಧ. ಆದರೆ ಕೆಲವು ಸೂಕ್ಷ್ಮ ಕಾರ್ಯಗಳನ್ನು ‘ಸಿ’ ಭಾಷೆಯಲ್ಲಿ ಹೇಳಲಿಕ್ಕೆ ಬರುವುದಿಲ್ಲ. ಆಗ ಬರೆಯುವವನು ತನ್ನ ಬರಹದ ನಡುವೆಯೇ ಯಂತ್ರದ ಮಾತಿನ ಒಂದೆರಡು ಸಾಲುಗಳನ್ನು ಸೇರಿಸುತ್ತಾನೆ. ಇದಕ್ಕೆ ಇನ್‌ಲೈನ್ ಅಸೆಂಬ್ಲಿ ಎಂದು ಹೆಸರು. (ಶಾಲೆಯ ಬೆಳಗಿನ ಅಸೆಂಬ್ಲಿಗೂ ಇದಕ್ಕೂ ಸಂಬಂಧವಿಲ್ಲ.) ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಕಚೇರಿಯಲ್ಲಿ ಮಲೆಯಾಳ ಎಂದು ಬಾಳುವ ಕಾಸರಗೋಡಿನ ನಮಗೆ, ಒಂದು ಭಾಷೆಯ ವಾಕ್ಯದ ನಡುವೆ ಇನ್ನೊಂದು ಭಾಷೆಯ ಮಾತು ನುಸುಳುವುದು ವಿಚಿತ್ರವೆನಿಸಲಾರದು.

ಇಂಥ ಸಾಲುಗಳನ್ನು ಅಚ್ಚಾದ ಅರ್ಜಿ ನಮೂನೆಯಂತೆ ಬರೆಯುತ್ತಾರೆ. ಹೆಸರು ಬರಬೇಕಾದೆಡೆಯಲ್ಲಿ ಶೇಕಡಾ ಚಿಹ್ನೆಯನ್ನೂ ಅದರ ಮುಂದೆ 0, 1, 2 ಎಂಬ ಕ್ರಮಸಂಖ್ಯೆಯನ್ನೂ ಹಾಕಿ ಖಾಲಿ ಬಿಡುತ್ತಾರೆ. ಯಾವ ಮೌಲ್ಯವನ್ನು ಯಾವ ಗೂಡಿನಲ್ಲಿ ಇರಿಸಬೇಕೆಂದು ತೀರ್ಮಾನಿಸಿ, ಆ ಗೂಡಿನ ಹೆಸರನ್ನು ಖಾಲಿ ಜಾಗದಲ್ಲಿ ತುಂಬಿಸುವುದು ಕಂಪೈಲರಿನ ಕೆಲಸ. ಇಲ್ಲಿ ಮುಖ್ಯವಾದ ಒಂದು ಸಂಗತಿಯನ್ನು ಗಮನಿಸಬೇಕು. ಜಿಸಿಸಿಯು ಆ ಸಾಲುಗಳ ಅರ್ಥವನ್ನು ನೋಡುವುದೇ ಇಲ್ಲ. ಹೆಸರು ತುಂಬಿಸಿ ಮುಂದಿನ ಹಂತಕ್ಕೆ ದಾಟಿಸಿದರೆ ಅದರ ಹೊಣೆ ತೀರಿತು.

ಇಷ್ಟೇ ಆಗಿದ್ದರೆ ತೊಡಕಿರಲಿಲ್ಲ. ತೊಡಕು ಇರುವುದು ಗೂಡುಗಳ ಹೆಸರಿನಲ್ಲಿ. 1978ರಲ್ಲಿ ಬಂದ ಇಂಟೆಲ್ 8086ರಲ್ಲಿ 16 ಬಿಟ್ಟುಗಳ ಒಂದು ಗೂಡಿಗೆ ‘ಎಎಕ್ಸ್’ ಎಂದು ಹೆಸರು. ಅದರ ಕೆಳಗಿನ 8 ಬಿಟ್ಟುಗಳನ್ನು ಮಾತ್ರ ಕರೆಯಬೇಕಾದರೆ ‘ಎಎಲ್’, ಮೇಲಿನ 8ನ್ನು ಕರೆಯಬೇಕಾದರೆ ‘ಎಎಚ್’. 1985ರ 80386ರಲ್ಲಿ ಅದೇ ಗೂಡು 32 ಬಿಟ್ಟುಗಳಿಗೆ ಹಿಗ್ಗಿ ‘ಇಎಎಕ್ಸ್’ ಆಯಿತು. 2003ರಲ್ಲಿ ಎಎಂಡಿಯವರು 64 ಬಿಟ್ಟುಗಳಿಗೆ ಹಿಗ್ಗಿಸಿದಾಗ ‘ಆರ್‌ಎಎಕ್ಸ್’ ಆಯಿತು. ಗೂಡು ಒಂದೇ, ಹೆಸರು ಐದು. ಮನೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು ಇರುವ ನಮ್ಮ ಮಕ್ಕಳ ಹಾಗೆ.

ಹಾಗಾದರೆ ಖಾಲಿ ಜಾಗದಲ್ಲಿ ಯಾವ ಹೆಸರನ್ನು ತುಂಬಿಸಬೇಕು? ಏನೂ ಹೇಳದಿದ್ದರೆ ಇಂಟೆಲ್ ಬಳಗದ ಯಂತ್ರಗಳಲ್ಲಿ ಕಂಪೈಲರು ಮೌಲ್ಯದ ಗಾತ್ರವನ್ನು ನೋಡಿ ಹೆಸರು ಬರೆಯುತ್ತದೆ. ಆದರೆ ಫಲವನ್ನು 8 ಬಿಟ್ಟುಗಳ ಸ್ಥಳದಲ್ಲಿ ಮಾತ್ರ ಇರಿಸಬಲ್ಲ ಕೆಲವು ಆಜ್ಞೆಗಳುಂಟು. ಅಲ್ಲಿ 32 ಬಿಟ್ಟುಗಳ ಹೆಸರು ಬಂದರೆ ಮುಂದಿನ ಹಂತದಲ್ಲಿ ಅರ್ಜಿ ತಿರಸ್ಕೃತ. ಇದನ್ನು ತಪ್ಪಿಸಲು ಶೇಕಡಾ ಚಿಹ್ನೆಗೂ ಕ್ರಮಸಂಖ್ಯೆಗೂ ನಡುವೆ ಒಂದು ಅಕ್ಷರವನ್ನು ಸೇರಿಸಬೇಕು. ‘ಬಿ’ ಎಂದರೆ ಕೆಳಗಿನ 8 ಬಿಟ್ಟುಗಳ ಹೆಸರು, ‘ಎಚ್’ ಎಂದರೆ ಮೇಲಿನ 8ರದ್ದು, ‘ಡಬ್ಲ್ಯು’ ಎಂದರೆ 16ರದ್ದು, ‘ಕೆ’ ಎಂದರೆ 32ರದ್ದು, ‘ಕ್ಯು’ ಎಂದರೆ 64ರದ್ದು. ಇವುಗಳಿಗೆ ಆಪರೆಂಡ್ ಮಾಡಿಫೈಯರುಗಳೆನ್ನುತ್ತಾರೆ. ಗೂಡನ್ನಾಗಲಿ ಅದರೊಳಗಿನ ಮೌಲ್ಯವನ್ನಾಗಲಿ ಇವು ಬದಲಾಯಿಸುವುದಿಲ್ಲ. ಬರೆಯುವ ಹೆಸರಿನ ರೂಪವನ್ನಷ್ಟೇ ಬದಲಾಯಿಸುತ್ತವೆ.

ಅರ್ಜಿ ತಿರಸ್ಕೃತವಾದರೆ ಒಂದು ರೀತಿಯಲ್ಲಿ ಒಳ್ಳೆಯದೇ, ತಪ್ಪು ಕೂಡಲೇ ತಿಳಿಯುತ್ತದೆ. ನಮ್ಮ ಹುಡುಗನನ್ನು ಕಾಡಿದುದು ಮೌನವಾಗಿ ನಡೆದುಹೋಗುವ ತಪ್ಪು. ಫೋನುಗಳಲ್ಲಿ ಹೆಚ್ಚಾಗಿರುವ ‘ಆರ್ಮ್’ ಬಳಗದ 64 ಬಿಟ್ ಯಂತ್ರಗಳಲ್ಲಿ ಒಂದೊಂದು ಗೂಡಿಗೆ ಎರಡು ಹೆಸರು. ‘ಎಕ್ಸ್’ನಿಂದ ತೊಡಗುವುದು 64 ಬಿಟ್ಟುಗಳ ಹೆಸರು, ‘ಡಬ್ಲ್ಯು’ವಿನಿಂದ ತೊಡಗುವುದು ಕೆಳಗಿನ 32ರದ್ದು. ಅಲ್ಲಿ ಏನೂ ಹೇಳದಿದ್ದರೆ, ಮೌಲ್ಯವು 32 ಬಿಟ್ಟುಗಳದ್ದೇ ಆಗಿದ್ದರೂ ‘ಎಕ್ಸ್’ ಹೆಸರೇ ಬೀಳುತ್ತದೆ. ಮೇಲಿನ ಅರ್ಧದಲ್ಲಿ ಏನಿರುತ್ತದೆಂಬುದಕ್ಕೆ ಭರವಸೆಯಿಲ್ಲ. ಅದು ಸೊನ್ನೆಯಾಗಿದ್ದ ದಿನ ಲೆಕ್ಕ ಸರಿ, ಹಳೆಯ ಕಸ ಉಳಿದಿದ್ದ ದಿನ ಲೆಕ್ಕ ತಪ್ಪು. ನಮ್ಮವನು ಬಿಟ್ಟದ್ದು ಈ ‘ಡಬ್ಲ್ಯು’ ಅಕ್ಷರವನ್ನು! ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರು ಇಂಥಲ್ಲಿ ಮೌಲ್ಯದ ಗಾತ್ರವೂ ಹೆಸರಿನ ಗಾತ್ರವೂ ಹೊಂದುತ್ತಿಲ್ಲವೆಂದು ಎಚ್ಚರಿಸಿ, ‘ಡಬ್ಲ್ಯು’ ಸೇರಿಸಿರಿ ಎಂದು ಸೂಚಿಸುವುದೂ ಉಂಟು.

ವಾಚಕರು ಇನ್ನೊಂದು ವಿಚಿತ್ರವನ್ನು ಗಮನಿಸಿರಬಹುದು. ಇಂಟೆಲ್ ಬಳಗದಲ್ಲಿ ‘ಡಬ್ಲ್ಯು’ ಎಂದರೆ 16, ಆರ್ಮ್ ಬಳಗದಲ್ಲಿ ಅದೇ ‘ಡಬ್ಲ್ಯು’ ಎಂದರೆ 32. ಎರಡು ಕಡೆಯೂ ಅದು ‘ವರ್ಡ್’ ಎಂಬುದರ ಮೊದಲಕ್ಷರವೇ, ಆದರೆ ಪದದ ಅಳತೆ ಮನೆಯಿಂದ ಮನೆಗೆ ಬೇರೆ. ನಮಗೆ ಇದು ಹೊಸದಲ್ಲ. ಕನ್ನಡದಲ್ಲಿ ‘ಪಟ್ಟಿ’ ಎಂದರೆ ಹೆಸರುಗಳ ಯಾದಿ, ಮಲೆಯಾಳದಲ್ಲಿ ‘ಪಟ್ಟಿ’ ಎಂದರೆ ನಾಯಿ. ‘ಪಟ್ಟಿ ಎಲ್ಲಿದೆ?’ ಎಂದು ನಾವು ಕೇಳಿದಾಗ, ತೆಂಕಣಿಂದ ಹೊಸದಾಗಿ ಬಂದ ಸಹೋದ್ಯೋಗಿಯೊಬ್ಬರು ಅಂಗಳದತ್ತ ಕೈ ತೋರಿದುದನ್ನು ನಾವು ಮರೆತಿಲ್ಲ.

“ಇದನ್ನೆಲ್ಲ ಎಲ್ಲಿಯೋ ಬರೆದಿಟ್ಟಿರಬೇಕಲ್ಲ? ನೋಡಿಕೊಳ್ಳಬಾರದಿತ್ತೆ?” ಎಂದು ಕೇಳಿದೆವು. ಅದಕ್ಕೆ ಆತನಿತ್ತ ಉತ್ತರವೇ ಈ ತಿಂಗಳ ಲೇಖನಕ್ಕೆ ಕಾರಣ. ಇಂಟೆಲ್ ಬಳಗದ ಈ ಅಕ್ಷರಗಳ ಅರ್ಥ ಬಹುಕಾಲ ಜಿಸಿಸಿಯ ಬಳಕೆದಾರರ ಕೈಪಿಡಿಯಲ್ಲಿ ಇರಲೇ ಇಲ್ಲವಂತೆ. ಕಂಪೈಲರಿನ ಮೂಲಬರಹದೊಳಗೆ, ಹೆಸರು ಬರೆಯುವ ಭಾಗದ ಮೇಲುಗಡೆ, ಕಟ್ಟಿದವರು ತಮಗಾಗಿ ಬರೆದುಕೊಂಡ ಒಂದು ಟಿಪ್ಪಣಿಯಲ್ಲಿತ್ತು. ಮೂಲಬರಹವನ್ನು ತೆರೆದು ಓದಬಲ್ಲವರು ಬಲ್ಲರು. ಉಳಿದವರು ಲಿನಕ್ಸಿನಂಥ ದೊಡ್ಡ ಬರಹಗಳಲ್ಲಿ ಇತರರು ಬಳಸಿದುದನ್ನು ನೋಡಿ ಊಹಿಸಿಕೊಳ್ಳಬೇಕು. 2015ರಲ್ಲಿ ಬಂದ 5ನೆಯ ಆವೃತ್ತಿಯ ಕೈಪಿಡಿಯಲ್ಲಿ ಇವುಗಳಿಗೆ ಪ್ರತ್ಯೇಕ ಕೋಷ್ಟಕವಿದೆ. ಆರ್ಮ್ 64ರ ಅಕ್ಷರಗಳ ಕೋಷ್ಟಕವನ್ನು 2024ರ 14ನೆಯ ಆವೃತ್ತಿಯ ಕೈಪಿಡಿಯಲ್ಲಿ ಕಾಣಬಹುದು.

ಈ ಮಾತನ್ನು ಕೇಳುತ್ತಿದ್ದಂತೆ ನಮ್ಮ ಮನಸ್ಸು ನಮ್ಮ ಕೆಂಪು ರಟ್ಟಿನ ಪುಸ್ತಕದತ್ತ ಹೋಯಿತು.

ನಾವು ಮುಖ್ಯೋಪಾಧ್ಯಾಯರಾಗಿ ಅಧಿಕಾರ ವಹಿಸಿಕೊಂಡ ವರ್ಷ, ದಾಖಲಾತಿ ಪುಸ್ತಕದಲ್ಲಿ ಕೆಲವು ಮಕ್ಕಳ ಹೆಸರಿನ ಪಕ್ಕದಲ್ಲಿ ಕೆಂಪು ಶಾಯಿಯ ‘ಮ’, ‘ತ’ ಎಂಬ ಪುಟ್ಟ ಅಕ್ಷರಗಳನ್ನು ಕಂಡಿದ್ದೆವು. ಹಿಂದಿನವರ ಏನೋ ಗುರುತು ಎಂದುಕೊಂಡು ಅಲಕ್ಷಿಸಿದೆವು. ವಿದ್ಯಾರ್ಥಿವೇತನದ ಯಾದಿಗೆ ಹೆಸರುಗಳನ್ನು ಇದ್ದಂತೆಯೇ ನಕಲು ಮಾಡಿ ಕಳುಹಿಸಿದೆವು. ಯಾರೂ ತಿರಸ್ಕರಿಸಲಿಲ್ಲ, ಯಾರೂ ಆಕ್ಷೇಪಿಸಲಿಲ್ಲ. ಎಲ್ಲರ ಹಣವೂ ಬಂತು, ಐದನೆಯ ತರಗತಿಯ ಒಬ್ಬ ಹುಡುಗಿಯದು ಮಾತ್ರ ಬರಲಿಲ್ಲ. ಬೀಡಿ ಕಟ್ಟಿ ಸಂಸಾರ ಸಾಗಿಸುವ ಅವಳ ತಾಯಿ ಒಂದು ಮಧ್ಯಾಹ್ನ ಕಚೇರಿಯ ಬಾಗಿಲಲ್ಲಿ ನಿಂತು, “ನಮ್ಮದೇನಾದರೂ ತಪ್ಪಾಯಿತಾ ಮಾಷ್ಟ್ರೇ?” ಎಂದು ಕೇಳಿದರು. ತಪ್ಪು ಅವರದಾಗಿರಲಿಲ್ಲ. ಆ ಮಗುವಿನ ಬ್ಯಾಂಕಿನ ಪುಸ್ತಕದಲ್ಲಿ ಮನೆಹೆಸರು ಸೇರಿದ ಹೆಸರಿತ್ತು, ನಾವು ಬರೆದು ಕಳುಹಿಸಿದುದು ಬರಿಯ ಹೆಸರು. ಆಕೆಯ ಹೆಸರಿನ ಪಕ್ಕದಲ್ಲಿದ್ದುದು ‘ಮ’.

ನಿವೃತ್ತರಾಗಿ ಪಕ್ಕದ ಊರಿನಲ್ಲಿದ್ದ ಹಿಂದಿನ ಮುಖ್ಯೋಪಾಧ್ಯಾಯರ ಮನೆಗೆ ಅಂದೇ ಸಂಜೆ ಹೋದೆವು. ‘ಮ’ ಎಂದರೆ ಮನೆಹೆಸರು ಸಹಿತ ಬರೆಯತಕ್ಕದ್ದು, ‘ತ’ ಎಂದರೆ ತಂದೆಯ ಹೆಸರಿನ ಮೊದಲಕ್ಷರ ಸಹಿತ ಬರೆಯತಕ್ಕದ್ದು ಎಂದು ಅವರು ವಿವರಿಸಿದರು. ಇದನ್ನೇಕೆ ಎಲ್ಲಿಯೂ ಬರೆದಿಡಲಿಲ್ಲವೆಂದು ಕೇಳಿದಾಗ, “ಅದು ನನ್ನ ಅನುಕೂಲಕ್ಕೆ ಹಾಕಿಕೊಂಡ ಗುರುತು ಮಾಷ್ಟ್ರೇ. ಬರೆದಿಟ್ಟರೆ ಅದೇ ಕಾನೂನಾಗಿಬಿಡುತ್ತದೆ, ಆಮೇಲೆ ಬದಲಾಯಿಸುವಂತಿಲ್ಲ” ಎಂದರು.

ಆ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಕಂಪೈಲರ್ ಕಟ್ಟುವವರ ಸಂಕೋಚವೂ ಇದೇ ಆಗಿದ್ದೀತು. ಈ ಅಕ್ಷರಗಳು ಹುಟ್ಟಿದುದು ಅವರ ಒಳಗಿನ ಬಳಕೆಗೆ. ಕಂಪೈಲರು ತಾನೇ ಯಂತ್ರದ ಸಾಲುಗಳನ್ನು ಬರೆಯುವಾಗಲೂ ಇವೇ ಅಕ್ಷರಗಳು ಕೆಲಸ ಮಾಡುತ್ತವೆ. ಕೈಪಿಡಿಯಲ್ಲಿ ಅಚ್ಚುಮಾಡಿಸಿದರೆ ಹೊರಗಿನವರಿಗೆ ಮಾತು ಕೊಟ್ಟಂತೆ. ನಾಳೆ ಒಂದು ಅಕ್ಷರದ ಅರ್ಥವನ್ನು ಬದಲಾಯಿಸಬೇಕೆಂದರೆ ಕೈ ಕಟ್ಟಿಹೋಗುತ್ತದೆ. ಆದರೆ ಬರೆಯದೆ ಇದ್ದ ಮಾತ್ರಕ್ಕೆ ಕೈ ಬಿಚ್ಚಿಯೇ ಉಳಿಯುತ್ತದೆಯೆ? ಸಾವಿರಾರು ಜನ ನೋಡಿ ಕಲಿತು ಬಳಸಲಾರಂಭಿಸಿದ ಮೇಲೆ ಅದು ಅದಾಗಲೇ ಕೊಟ್ಟ ಮಾತು. ಕ್ಲ್ಯಾಂಗಿನ ಆಧಾರವಾದ ಎಲ್‌ಎಲ್‌ವಿಎಂ ಯೋಜನೆಯವರು ಈ ಸತ್ಯವನ್ನು ತಮ್ಮ ಕೈಪಿಡಿಯಲ್ಲಿಯೇ ಒಪ್ಪಿಕೊಂಡಿದ್ದಾರೆ. ಈ ಅಕ್ಷರಗಳು ಜಿಸಿಸಿಯಲ್ಲಿ ನಡೆದುಕೊಳ್ಳುವಂತೆಯೇ ತಮ್ಮಲ್ಲಿಯೂ ನಡೆದುಕೊಳ್ಳಬೇಕು, ವ್ಯತ್ಯಾಸ ಕಂಡರೆ ದೋಷ ಬಹುಶಃ ತಮ್ಮದೇ ಎಂಬುದು ಅಲ್ಲಿನ ಮಾತಿನ ತಾತ್ಪರ್ಯ. ಅವಶ್ಯಕತೆ ಬಂದಂತೆ ಒಂದೊಂದಾಗಿ ಸೇರಿಸುತ್ತ ಬಂದಿದ್ದೇವೆಂದೂ ಅವರು ಮುಚ್ಚುಮರೆಯಿಲ್ಲದೆ ತಿಳಿಸಿದ್ದಾರೆ. ‘ರಿಸ್ಕ್-ಫೈವ್’ ಎಂಬ ಹೊಸ ಬಳಗದ ಅಕ್ಷರಗಳೂ ಅಲ್ಲಿನ ಯಾದಿಯಲ್ಲಿವೆ. ಉದಾಹರಣೆಗೆ ‘ಝೆಡ್’ ಎಂಬುದು, ಮೌಲ್ಯವು ಸೊನ್ನೆ ಎಂಬ ಸ್ಥಿರಾಂಕವಾಗಿದ್ದರೆ ಯಾವಾಗಲೂ ಸೊನ್ನೆಯನ್ನೇ ಕೊಡುವ ಗೂಡಿನ ಹೆಸರನ್ನು ಬರೆಯಿಸುತ್ತದೆ.

ಒಂದಕ್ಷರಕ್ಕೆ ಬೆಂಬಲ ಕೊಡುವುದೆಂದರೇನೆಂದು ನಮ್ಮ ಹುಡುಗನನ್ನು ಕೇಳಿದೆವು. ಅಕ್ಷರವನ್ನು ಗುರುತಿಸಬೇಕು. ಅದು ಈ ಬಗೆಯ ಮೌಲ್ಯಕ್ಕೆ ಸಲ್ಲುತ್ತದೆಯೇ ಎಂದು ನೋಡಬೇಕು. ಸಲ್ಲದಿದ್ದರೆ ಏನೋ ಒಂದನ್ನು ಬರೆದುಬಿಡದೆ ತಪ್ಪು ಎಂದು ಬಾಯಿಬಿಟ್ಟು ಹೇಳಬೇಕು. ಮುಂದೆ ಯಾರೋ ತಿದ್ದುವಾಗ ಕೆಡದಂತೆ ಒಂದು ಪರೀಕ್ಷೆಯನ್ನು ಜೊತೆಗಿಡಬೇಕು. ಕೊನೆಯಲ್ಲಿ ಕೈಪಿಡಿಯಲ್ಲಿ ಒಂದು ಸಾಲು ಬರೆಯಬೇಕು. ಆ ಸಾಲು ಹೇಗಿರಬೇಕೆಂಬುದಕ್ಕೆ ಜಿಸಿಸಿಯ ಕೋಷ್ಟಕವನ್ನು ತನ್ನ ಫೋನಿನಲ್ಲಿ ತೋರಿಸಿದ. ಅಕ್ಷರ, ಅದರ ಅರ್ಥ, ಉದಾಹರಣೆ, ಆ ಯಂತ್ರದ ಮಾತನ್ನು ಬರೆಯುವ ಎರಡು ರೂಢಿಗಳಲ್ಲಿಯೂ ಕಾಗದದ ಮೇಲೆ ಬೀಳುವ ಹೆಸರು, ಇಷ್ಟೇ. ಪಾಂಡಿತ್ಯವಿಲ್ಲ, ಉಪದೇಶವಿಲ್ಲ. ತರಬೇತಿ ಶಾಲೆಯಲ್ಲಿ ನಮ್ಮ ಗುರುಗಳು ಕಪ್ಪುಹಲಗೆಯ ಬರಹ ಹೀಗಿರಬೇಕೆಂದು ಹೇಳುತ್ತಿದ್ದುದು ನೆನಪಿಗೆ ಬಂತು.

“ಐದು ಸಾಧನೆಗಳಲ್ಲಿ ಯಾವುದು ಕಷ್ಟ?” ಎಂದು ಕೇಳಿದೆವು. “ಕೊನೆಯದು ಮಾಷ್ಟ್ರೇ. ಕೆಲಸ ಮುಗಿದಿರುತ್ತದೆ, ನಮಗೆ ಗೊತ್ತಿರುತ್ತದೆ, ಇನ್ನೊಬ್ಬರಿಗೆ ಗೊತ್ತಿಲ್ಲ ಎನ್ನುವುದು ನೆನಪಾಗುವುದಿಲ್ಲ” ಎಂದ.

ಆ ಹುಡುಗಿಯ ಒಂದು ವರ್ಷದ ಹಣ ಕೊನೆಗೂ ಬರಲಿಲ್ಲ. ಮರುವರ್ಷದಿಂದ ಸರಿಯಾಗಿ ಬಂತು. ಆ ಸಂಜೆ ಮರಳಿ ಬಂದವರೇ ದಾಖಲಾತಿ ಪುಸ್ತಕದ ಮೊದಲ ಪುಟದ ಒಳಮೈಯಲ್ಲಿ ‘ಮ’ ಮತ್ತು ‘ತ’ಗಳ ಅರ್ಥವನ್ನೂ ಒಂದೊಂದು ಉದಾಹರಣೆಯನ್ನೂ ಕನ್ನಡದಲ್ಲಿಯೂ ಮಲೆಯಾಳದಲ್ಲಿಯೂ ಬರೆದು, ದಿನಾಂಕ ಹಾಕಿ ಸಹಿ ಮಾಡಿದೆವು. ಇನ್ನು ಕೆಲವೇ ವರ್ಷಗಳಲ್ಲಿ ನಾವೂ ಆ ಕುರ್ಚಿಯಿಂದ ಏಳಬೇಕಾದವರು. ಬರುವವರು ನಮ್ಮ ಮನೆಯ ತನಕ ನಡೆದುಬಂದು ಕೇಳುವ ಪ್ರಸಂಗ ಬರಬಾರದು.

ವಾಚಕರ ಮನೆಯ ಲೆಕ್ಕದ ಪುಸ್ತಕದಲ್ಲಿ, ತೋಟದ ಪಾಲುಪತ್ರದಲ್ಲಿ, ಸಂಘದ ಚಂದಾ ಯಾದಿಯಲ್ಲಿ ಇಂಥ ಗುರುತುಗಳಿರಬಹುದು. ಅವನ್ನು ಹಾಕಿದವರು ಇನ್ನೂ ಹೇಳಬಲ್ಲ ಸ್ಥಿತಿಯಲ್ಲಿರುವಾಗಲೇ, ಒಂದು ಸಂಜೆ ಅವರ ಪಕ್ಕದಲ್ಲಿ ಕುಳಿತು ಅರ್ಥವನ್ನು ಬರೆದುಕೊಳ್ಳಬೇಕೆಂದು ನಮ್ಮ ವಿನಂತಿ.