ಜೂಜಿಗೆ ಬೀಗ, ಮದ್ಯಕ್ಕೆ ಟಾರ್ಗೆಟ್

ಕೇಂದ್ರ ಸರ್ಕಾರ ಏನು ಮಾಡಿದರೂ ನಮ್ಮ ಮನೆಗಳಲ್ಲಿ ಮೊದಲು ಹುಟ್ಟುವುದು ಅನುಮಾನ. ಅದಕ್ಕೆ ಕಾರಣಗಳಿಲ್ಲ ಅಂತಲ್ಲ. ಪೌರತ್ವ ತಿದ್ದುಪಡಿ, ವಕ್ಫ್ ತಿದ್ದುಪಡಿ, ಒಂದರ ಹಿಂದೆ ಒಂದು ಬಂದಿದೆ. ಆದರೆ ಒಂದು ಕಾನೂನು ಬಂದಾಗ "ಇದು ಸರಿಯಾಯ್ತು" ಅಂತ ನಾವು ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ.

2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ ಆನ್‌ಲೈನ್ ಗೇಮಿಂಗ್ ಮಸೂದೆಯನ್ನು ಪಾಸು ಮಾಡಿದವು. 22ಕ್ಕೆ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಹಣ ಕಟ್ಟಿ ಆಡುವ ಆಟ ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆಡಿ ಕಳೆದುಕೊಂಡ ಹುಡುಗನಿಗೆ ಶಿಕ್ಷೆ ಇಲ್ಲ. ಭಾರತ ಕ್ರಿಕೆಟ್ ತಂಡದ ಜೆರ್ಸಿಯ ಮೇಲಿದ್ದ ಡ್ರೀಮ್ ಇಲೆವೆನ್ ಹೆಸರು ಕೆಲವೇ ದಿನಗಳಲ್ಲಿ ಇಳಿಯಿತು.

ಇದನ್ನು ಯಾಕೆ ಹೇಳ್ತಿದ್ದೇನೆಂದರೆ, ಈ ಕಾನೂನು ಬರುವ ಮೊದಲು ಒಬ್ಬ ತಾಯಿ ಮಗ್ರಿಬ್ ಕಳೆದ ಮೇಲೆ ಮದ್ರಸದ ಬಾಗಿಲಿಗೆ ಬಂದು ನಿಂತಿದ್ದರು. ಮಗಳ ಮದುವೆಗೆಂದು ಗಂಡ ಗಲ್ಫ್‌ನಿಂದ ಕಳಿಸಿದ ಹಣ ಮಗನ ಖಾತೆಯಲ್ಲಿತ್ತು. ಅದು ಪೂರಾ ರಮ್ಮಿಯಲ್ಲಿ ಹೋಗಿತ್ತು. "ಉಸ್ತಾದ್, ಅವನು ಕುಡಿಯುವವನಲ್ಲ, ಬೀಡಿ ಕೂಡ ಸೇದುವುದಿಲ್ಲ. ಮನೆಯಲ್ಲೇ ಇರುತ್ತಿದ್ದ" ಅಂದರು. ಮನೆಯಲ್ಲೇ ಇರುತ್ತಿದ್ದ ಎಂಬುದೇ ಅವರಿಗೆ ಧೈರ್ಯವಾಗಿತ್ತು.

ಕಂಪನಿಗಳು ಹೇಳುವುದು ಒಂದೇ ಮಾತು: ಇದು ಅದೃಷ್ಟದ ಆಟವಲ್ಲ, ಕೌಶಲದ ಆಟ. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಇದನ್ನು ನಿಷೇಧಿಸಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿದ್ದು ಇದೇ ವಾದದ ಮೇಲೆ. ಈ ಹೊಸ ಕಾಯ್ದೆ ಆ ವ್ಯತ್ಯಾಸವನ್ನೇ ಬದಿಗಿಟ್ಟಿದೆ. ಕೌಶಲವೋ ಅದೃಷ್ಟವೋ, ಗೆಲ್ಲುವ ಆಸೆಯಲ್ಲಿ ಹಣ ಕಟ್ಟಿದರೆ ಮುಗಿಯಿತು. ಪಂದ್ಯವಾಗಿ ನಡೆಯುವ ಇ-ಸ್ಪೋರ್ಟ್ಸ್‌ಗೆ, ಅದರ ಬಹುಮಾನಕ್ಕೆ ಅಡ್ಡಿಯಿಲ್ಲ. ನಮ್ಮ ಫಿಕ್ಹ್ ಓದಿದವರಿಗೆ ಇದು ಹೊಸದಲ್ಲ. ಕುದುರೆ ಓಟದಲ್ಲಿ ಮೂರನೆಯವನು ಬಹುಮಾನ ಇಟ್ಟರೆ ಅದು ಬಹುಮಾನ. ಇಬ್ಬರೂ ಹಣ ಇಟ್ಟು, ಸೋತವನದ್ದು ಗೆದ್ದವನಿಗೆ ಅಂದರೆ ಅದು ಮೈಸಿರ್.

ಹಾಗಂತ ಕೇಂದ್ರಕ್ಕೆ ಪೂರ್ತಿ ಶಹಬ್ಬಾಸ್ ಹೇಳಲೂ ಆಗದು. ಇದೇ ಸರ್ಕಾರ 2023ರ ಅಕ್ಟೋಬರ್‌ನಿಂದ ಆಟಗಾರರು ಹಾಕಿದ ಹಣದ ಮೇಲೆ ಶೇ. 28 ಜಿಎಸ್‌ಟಿ ತೆಗೆದುಕೊಂಡಿದೆ. ಸುಮಾರು ಎರಡು ವರ್ಷ ಪಾಲು ಪಡೆದ ಮೇಲೆ ಬುದ್ಧಿ ಬಂತು. ತಡವಾಗಿ ಬಂದರೂ ಬುದ್ಧಿ ಬುದ್ಧಿಯೇ.

ಈಗ ನಮ್ಮ ರಾಜ್ಯದ ಕಡೆ ನೋಡೋಣ. ಕುರ್‌ಆನಿನ ಅಲ್ ಮಾಇದ ಸೂರಾದಲ್ಲಿ ಮದ್ಯ ಮತ್ತು ಜೂಜು ಎರಡನ್ನೂ ಒಂದೇ ಆಯತಿನಲ್ಲಿ ನಿಷೇಧಿಸಲಾಗಿದೆ. ಸಂವಿಧಾನದ 47ನೇ ವಿಧಿಯೂ ಮಾದಕ ಪಾನೀಯ ನಿಷೇಧಿಸಲು ಪ್ರಯತ್ನಿಸಬೇಕೆಂದು ಸರ್ಕಾರಕ್ಕೆ ಹೇಳುತ್ತದೆ. ಆದರೆ 2025-26ರ ರಾಜ್ಯ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಟಾರ್ಗೆಟ್ 40,000 ಕೋಟಿ ರೂಪಾಯಿ. ನಿಷೇಧಿಸಲು ಪ್ರಯತ್ನಿಸಬೇಕಾದವರು ವಸೂಲಿಗೆ ಗುರಿ ಇಡುತ್ತಾರೆ. ಸರ್ಕಾರದ್ದೇ ಎಂಎಸ್‌ಐಎಲ್ ಮದ್ಯದಂಗಡಿ ನಡೆಸುತ್ತದೆ. ಮನೆಯೊಡತಿಗೆ ಗೃಹಲಕ್ಷ್ಮಿಯಲ್ಲಿ 2,000 ರೂಪಾಯಿ ಕೊಟ್ಟು, ಅದೇ ಮನೆಯ ಗಂಡಸಿನ ಜೇಬಿನಿಂದ ಬಾಟ್ಲಿಯ ಲೆಕ್ಕದಲ್ಲಿ ವಾಪಸ್ ಪಡೆದರೆ ಆ ಮನೆಗೆ ಉಳಿದದ್ದೇನು?

ಆದಾಯ ಬಿಡಲು ಆಗುವುದಿಲ್ಲ ಎನ್ನುತ್ತಾರೆ. ಹಿರಿಯರಿಗೆ ನೆನಪಿರಬಹುದು, 2007ರಲ್ಲಿ ಇದೇ ಕರ್ನಾಟಕ ಲಾಟರಿ ನಿಲ್ಲಿಸಿತು. ಸರ್ಕಾರ ಮುಳುಗಲಿಲ್ಲ. ಅದೇ ವರ್ಷ ಜುಲೈಯಿಂದ ಸಾರಾಯಿಯೂ ನಿಂತಿತು. ಆದರೆ ಬಾಟ್ಲಿ ಮದ್ಯದ ಬಾಗಿಲು ತೆರೆದೇ ಇತ್ತು, ಕುಡಿಯುವವರು ಅಲ್ಲಿಗೆ ಹೋದರು. ಕೆಡುಕಿನ ಒಂದು ಬಾಗಿಲು ಮುಚ್ಚಿ ಇನ್ನೊಂದನ್ನು ತೆರೆದಿಟ್ಟರೆ ಆಗುವುದು ಇಷ್ಟೇ.

ಒಬ್ಬರ ಮೇಲಿನ ಸಿಟ್ಟಿನಿಂದ ನ್ಯಾಯ ತಪ್ಪಬಾರದು ಎಂಬುದೂ ನಮಗೆ ಅದೇ ಸೂರಾದ ಪಾಠ. ನಮ್ಮ ಹೆಚ್ಚಿನ ವೋಟು ಬೀಳುವ ಪಕ್ಷ ಯಾವುದೆಂದು ಎಲ್ಲರಿಗೂ ಗೊತ್ತು. ಹಾಗೆಂದು ಆ ಪಕ್ಷದ ಸರ್ಕಾರ ಮದ್ಯದ ಟಾರ್ಗೆಟ್ ಏರಿಸಿದಾಗ ಸುಮ್ಮನಿದ್ದು, ನಾವು ವೋಟು ಹಾಕದ ಪಕ್ಷ ಜೂಜು ನಿಲ್ಲಿಸಿದಾಗಲೂ ಸುಮ್ಮನಿದ್ದರೆ, ನಮ್ಮ ಹಲಾಲ್ ಹರಾಮ್ ಪಕ್ಷದ ಬಾವುಟ ನೋಡಿ ಬದಲಾಗುತ್ತದೆ ಎಂದು ಜನ ಹೇಳಿದರೆ ತಪ್ಪೇನು? ನಮ್ಮ ಶಾಸಕರು ಜಮಾಅತಿನ ಕಾರ್ಯಕ್ರಮಕ್ಕೆ ಬಂದಾಗ ಶಾಲು ಹಾಕುವುದರ ಜೊತೆಗೆ ಈ ಒಂದು ಪ್ರಶ್ನೆಯನ್ನೂ ಕೇಳಬೇಕು.

ಎರಡು ಅಳತೆ ಸರ್ಕಾರದ್ದು ಮಾತ್ರವಲ್ಲ, ನಮ್ಮದೂ ಹೌದು. ಕುಡಿದು ಬಂದವನನ್ನು ಮೊಹಲ್ಲಾ ಇಡೀ ಆಡಿಕೊಳ್ಳುತ್ತದೆ, ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತದೆ. ಐಪಿಎಲ್ ಬಂದಾಗ ಮೊಬೈಲಿನಲ್ಲಿ ಟೀಮ್ ಕಟ್ಟಿ ಹಣ ಹಾಕುವವನಿಗೆ ಮಾತ್ರ "ಹುಡುಗ ಭಾರೀ ಶಾರ್ಪ್" ಅಂತ ಸರ್ಟಿಫಿಕೇಟ್. ಆಯತಿನಲ್ಲಿ ಎರಡೂ ಒಟ್ಟಿಗಿವೆ, ಬೇರೆ ಮಾಡಿದ್ದು ನಾವು.

ಕಂಪನಿಗಳು ಈ ಕಾಯ್ದೆಯ ವಿರುದ್ಧ ಕೋರ್ಟಿಗೂ ಹೋಗಿವೆ. ಕೋರ್ಟು ಏನೇ ಹೇಳಲಿ, ಕಳ್ಳದಾರಿ ಹಿಡಿಯುವವರು ಇದ್ದೇ ಇರುತ್ತಾರೆ. ವಿದೇಶಿ ಬೆಟ್ಟಿಂಗ್ ಲಿಂಕ್‌ಗಳು ಟೆಲಿಗ್ರಾಂನಲ್ಲಿ ಬರುತ್ತವೆ, ಅದಕ್ಕೆ ಸಂಸತ್ತು ಕಾವಲು ಕೂರಲು ಆಗುವುದಿಲ್ಲ. ಗಲ್ಫ್‌ನಲ್ಲಿರುವ ತಂದೆಯಂದಿರು ಹಣ ಕಳಿಸುವ ಖಾತೆ ತಾಯಿಯ ಹೆಸರಿನಲ್ಲಿರಲಿ. ತಿಂಗಳಿಗೊಮ್ಮೆ ಬ್ಯಾಂಕ್ ಸ್ಟೇಟ್‌ಮೆಂಟ್ ಮನೆಯವರ ಮುಂದೆ ತೆರೆಯಲಿ. ಮೋಸ ಹೋದದ್ದು ಗೊತ್ತಾದ ಕೂಡಲೇ, ನಾಚಿಕೆ ಪಡದೆ, 1930ಕ್ಕೆ ಫೋನ್ ಮಾಡಿ. ಜುಮಾದ ಭಾಷಣದಲ್ಲಿ ಖತೀಬರು ಮದ್ಯದ ಜೊತೆ ಮೊಬೈಲ್ ಜೂಜಿನ ಹೆಸರನ್ನೂ ಎತ್ತಲಿ.

ಆ ತಾಯಿಯ ಮಗಳ ಮದುವೆ ಕೊನೆಗೆ ಸಾಲ ಮಾಡಿ ನಡೆಯಿತು. ತಂದೆ ಊರಿಗೆ ಬಂದು ನೆಲೆಸುವ ಯೋಚನೆಯಲ್ಲಿದ್ದವರು ಮತ್ತೆ ವೀಸಾ ರಿನೀವ್ ಮಾಡಿಸಿದ್ದಾರೆ.